ಟೀಚರಮ್ಮನಿಗೊಂದು ಪ್ರಶ್ನೆ: ಪುಟ್ಟಿಗೆ ಥಿಯೇಟರ್ ಯಾವಾಗ?

ಪ್ರಶ್ನೆ: ನನ್ನ ಮಗಳಿಗೆ ಈಗ 3 ವರ್ಷ 4 ತಿಂಗಳು. ಮುಂದಿನ ತಿಂಗಳು ನನ್ನ ಗಂಡನ ಮೆಚ್ಚಿನ ನಟನ ಸಿನಿಮಾ ಬರುತ್ತಿದೆ. ಮೊದಲ ದಿನವೇ ಮಗಳನ್ನೂ ಕರೆದುಕೊಂಡು ಹೋಗೋಣ ಎಂದು ಅವರ ಹಟ. ಮನೆಯಲ್ಲಿ ಮಿಕ್ಸಿ ಹಾಕಿದರೆ ಸಾಕು, ಇವಳು ಅಡುಗೆಮನೆ ಬಿಟ್ಟು ಓಡುತ್ತಾಳೆ. ಅದನ್ನು ಹೇಳಿದರೆ ಅತ್ತೆ, "ನಾವೆಲ್ಲ ಕೈಗೂಸು ಎತ್ಕೊಂಡೇ ಟಾಕೀಸಿಗೆ ಹೋಗ್ತಿರಲಿಲ್ವಾ? ನನ್ನ ಮಗನಿಗೆ ಏನಾಗಿದೆ?" ಅನ್ನುತ್ತಾರೆ. ಎಷ್ಟು ವರ್ಷಕ್ಕೆ ಕರೆದುಕೊಂಡು ಹೋದರೆ ಸರಿ?
ಪುಟ್ಟಿಯ ಅಮ್ಮ, ಕುವೆಂಪುನಗರ, ಮೈಸೂರು

ಉತ್ತರ: ನಿಮ್ಮ ಅತ್ತೆ ಹೇಳುವುದು ಸುಳ್ಳಲ್ಲಮ್ಮ. ನನ್ನ ಅಮ್ಮನೂ ಹಾಗೇ ಹೋದವಳು. ಮಂಡ್ಯದ ಹತ್ತಿರ ನಮ್ಮೂರಿಗೆ ಟೂರಿಂಗ್ ಟಾಕೀಸ್ ಬರುತ್ತಿತ್ತು. ಟೆಂಟಿನೊಳಗೆ ಮರಳು. ಅದನ್ನೇ ಗುಡ್ಡೆ ಮಾಡಿ, ಮೇಲೆ ಟವಲು ಹಾಸಿ ನಮ್ಮನ್ನು ಮಲಗಿಸುತ್ತಿದ್ದರು. ಇದ್ದದ್ದು ಒಂದೇ ಪ್ರೊಜೆಕ್ಟರು. ರೀಲು ಬದಲಾಯಿಸುವಾಗಲೆಲ್ಲ ದೀಪ ಹತ್ತುತ್ತಿತ್ತು. ಹಾಗಾಗಿ ಒಂದು ಸಿನಿಮಾಕ್ಕೆ ಮೂರೋ ನಾಲ್ಕೋ ಇಂಟರ್ವಲ್. ಪ್ರತಿ ಸಲವೂ ಎದ್ದು, ಒಂದಕ್ಕೆ ಹೋಗಿ, ಕಡ್ಲೆಕಾಯಿ ಕೊಡಿಸಿಕೊಂಡು ಬಂದು ಕೂರುತ್ತಿದ್ದೆವು. ಅಳುವ ಮಗುವನ್ನು ಎತ್ತಿಕೊಂಡು ಹೊರಗೆ ಹೋಗುವುದಕ್ಕೆ ಟೆಂಟಿನ ಬಟ್ಟೆ ಸರಿಸಿದರೆ ಸಾಕಿತ್ತು.

ಈಗಿನ ಥಿಯೇಟರು ಹಾಗಲ್ಲ. ಬಾಗಿಲು ಮುಚ್ಚಿದರೆ ಕತ್ತಲು ಪೂರ್ತಿ ಕತ್ತಲು. ಡಾಲ್ಬಿ ಅಟ್ಮಾಸ್ ಇರುವ ಕಡೆ ಶಬ್ದ ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ, ತಲೆಯ ಮೇಲಿನಿಂದಲೂ ಬರುತ್ತದೆ. ಥಿಯೇಟರ್ ಸ್ಪೀಕರುಗಳನ್ನು ಸಾಮಾನ್ಯವಾಗಿ 85 ಡೆಸಿಬೆಲ್ ಲೆಕ್ಕಕ್ಕೆ ಹೊಂದಿಸುತ್ತಾರೆ. ಫೈಟು, ಸ್ಫೋಟ ಬಂದಾಗ ಅದರ ಮೇಲೆ ಇನ್ನೂ 20 ಡೆಸಿಬೆಲ್ ಏರಲು ಜಾಗ ಬಿಟ್ಟಿರುತ್ತಾರೆ. 85 ಅಂದರೆ ಹೆಚ್ಚು ಕಡಿಮೆ ನಿಮ್ಮ ಮಿಕ್ಸಿ. ಪ್ರತಿ 10 ಡೆಸಿಬೆಲ್ ಏರಿದಾಗ ಶಬ್ದ ಎರಡು ಪಟ್ಟು ಜೋರಾದಂತೆ ಕೇಳುತ್ತದೆ. ಅಂದರೆ ಫೈಟಿನ ಗಳಿಗೆಯಲ್ಲಿ ನಿಮ್ಮ ಪುಟ್ಟಿಯ ಪಾಲಿಗೆ ಅದು ನಾಲ್ಕು ಪಟ್ಟು ಮಿಕ್ಸಿ. ಅಡುಗೆಮನೆಯಿಂದ ಓಡಬಹುದು. ಸೀಟು ಸಾಲಿನ ಮಧ್ಯದಿಂದ ಎಲ್ಲಿಗೆ ಓಡುತ್ತಾಳೆ?

ನಾನೂ ಒಮ್ಮೆ ಈ ತಪ್ಪು ಮಾಡಿದವಳೇ. ಆಗ ನಾನಿನ್ನೂ ಶಿಶುವಿಹಾರದ ಕೆಲಸಕ್ಕೆ ಸೇರಿರಲಿಲ್ಲ. ಮಗನಿಗೆ ಎರಡೂವರೆ ವರ್ಷ. ಮಂಡ್ಯದ ಒಂದು ಟಾಕೀಸು, ಭಾನುವಾರದ ಮ್ಯಾಟಿನಿ. ಕಾಲು ಗಂಟೆ ಚೆನ್ನಾಗಿಯೇ ಕೂತಿದ್ದ. ಆಮೇಲೆ ಬೆನ್ನು ಹಿಂದಕ್ಕೆ ಸರಿಸಿದ. ಆ ಸೀಟು ನೋಡಿ, ದೊಡ್ಡವರ ಭಾರಕ್ಕೆ ಮಾತ್ರ ಬಿಚ್ಚಿಕೊಂಡಿರುವ ಸೀಟು. ಹನ್ನೆರಡು ಕೆಜಿ ಹುಡುಗನನ್ನು ಅದು ಲೆಕ್ಕಕ್ಕೇ ಇಡಲಿಲ್ಲ. ಪಟ್ ಅಂತ ಮಡಚಿಕೊಂಡಿತು. ಮೊಣಕಾಲು ಮೂಗಿಗೆ, ಪಾದ ಮೇಲಕ್ಕೆ, ಮಸಾಲೆದೋಸೆಯೊಳಗಿನ ಪಲ್ಯದ ಹಾಗೆ ಹುಡುಗ ಒಳಗೆ. ಅದೇ ಹೊತ್ತಿಗೆ ಪರದೆಯ ಮೇಲೆ ಯಾರೋ ಯಾರಿಗೋ ಗುಂಡು ಹೊಡೆದರು. ಅವನ ಕಿರುಚಾಟಕ್ಕೆ ಬಾಲ್ಕನಿಯವರೂ ತಿರುಗಿ ನೋಡಿದರು. ಉಳಿದ ಸಿನಿಮಾವನ್ನು ನಾನು ಅರ್ಧ, ನಮ್ಮ ಯಜಮಾನರು ಅರ್ಧ ನೋಡಿದೆವು. ಒಬ್ಬರು ಒಳಗಿದ್ದಾಗ ಇನ್ನೊಬ್ಬರು ಮಗು ಎತ್ತಿಕೊಂಡು ಸೋಡಾ ಅಂಗಡಿ ಮುಂದೆ. ಆಮೇಲೆ ಒಂದು ವರ್ಷ ಅವನು ಮಡಚುವ ಕುರ್ಚಿ ಕಂಡರೆ ಕೂರುತ್ತಿರಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಎಷ್ಟು ವರ್ಷ ಅಂತ ನನ್ನನ್ನು ಕೇಳಬೇಡಿ. ಮೂರೂವರೆಗೇ ಆರಾಮಾಗಿ ಕೂತ ಮಕ್ಕಳನ್ನು ಕಂಡಿದ್ದೇನೆ, ಆರು ತುಂಬಿದರೂ ಬೇಡವೆಂದವರನ್ನೂ ಕಂಡಿದ್ದೇನೆ. 28 ವರ್ಷ ಪುಟ್ಟ ಮಕ್ಕಳ ಜೊತೆ ಕಳೆದ ಮೇಲೆ ನಾನು ನೋಡುವುದು ಒಂದೇ: ಮಗು "ಸಾಕಮ್ಮ" ಅಂತ ಹೇಳುತ್ತದಾ? ಹೇಳಿದ ತಕ್ಷಣ ಅಪ್ಪ ಅಮ್ಮ ಏಳುತ್ತಾರಾ? ಎಷ್ಟೋ ಸಲ ಮಗು ತಯಾರಾಗಿರುತ್ತದೆ, ಅಪ್ಪ ತಯಾರಾಗಿರುವುದಿಲ್ಲ. "ಇನ್ನೊಂದು ಹತ್ತು ನಿಮಿಷ, ಕ್ಲೈಮ್ಯಾಕ್ಸು" ಅನ್ನುತ್ತಾರೆ. ಆ ಹತ್ತು ನಿಮಿಷದಲ್ಲೇ ಹೆದರಿಕೆ ಒಳಗೆ ಕೂತುಬಿಡುವುದು.

ನೀವು ಮೈಸೂರಿನವರು, ಕುಶಾಲತೋಪಿನ ತಾಲೀಮು ನೋಡಿರುತ್ತೀರಿ. ಜಂಬೂಸವಾರಿಯ ದಿನ ಫಿರಂಗಿಗಳಿಂದ 21 ಸುತ್ತು ಸಿಡಿಸುತ್ತಾರೆ. ಆನೆಗಳನ್ನು ಸೀದಾ ಅದರ ಮುಂದೆ ತಂದು ನಿಲ್ಲಿಸುತ್ತಾರಾ? ದಸರೆಗೆ ಮುಂಚೆಯೇ ಆನೆ, ಕುದುರೆಗಳನ್ನು ಸಾಲಾಗಿ ನಿಲ್ಲಿಸಿ ಖಾಲಿ ಮದ್ದು ಸಿಡಿಸಿ ಅಭ್ಯಾಸ ಮಾಡಿಸುತ್ತಾರೆ. ಒಂದು ಸಲ ನಾನು ನೋಡಲು ಹೋಗಿದ್ದೆ. ಹಳೆಯ ಆನೆಗಳು ಕಿವಿ ಬೀಸುತ್ತಾ ಸುಮ್ನೆ ನಿಂತಿದ್ದವು. ಆ ವರ್ಷ ಹೊಸದಾಗಿ ಬಂದದ್ದೊಂದು ಮೊದಲ ಸದ್ದಿಗೇ ಹಿಂದಕ್ಕೆ ಸರಿದು ಗಿರಕಿ ಹೊಡೆಯಿತು. ಮಾವುತ ಬೈಯಲಿಲ್ಲ. ಕಿವಿಯ ಹಿಂದೆ ಕೈ ಇಟ್ಟು ಏನೋ ಮಾತಾಡುತ್ತಲೇ ಇದ್ದ. ಅಷ್ಟು ದೊಡ್ಡ ಪ್ರಾಣಿಗೇ ಅಷ್ಟು ತಾಲೀಮು ಅಂದಮೇಲೆ ನಿಮ್ಮ ಹದಿಮೂರು ಹದಿನಾಲ್ಕು ಕೆಜಿ ಪುಟ್ಟಿಗೆ ಬೇಡವಾ?

ಮನೆಯಲ್ಲೇ ಶುರುಮಾಡಿ. ಸಂಜೆ ಲೈಟು ಆರಿಸಿ, ಫೋನು ಆಚೆ ಇಟ್ಟು, ಟೀವಿಯಲ್ಲಿ ಒಂದು ಮಕ್ಕಳ ಕಥೆಯನ್ನು ಅರ್ಧ ಗಂಟೆ ಜೊತೆಯಲ್ಲಿ ಕೂತು ನೋಡಿ. ಕೂತಿರುತ್ತಾಳಾ, ಎದ್ದು ಹೋಗುತ್ತಾಳಾ, ಕತ್ತಲೆಗೆ ನಿಮ್ಮನ್ನು ತಬ್ಬುತ್ತಾಳಾ, ಗಮನಿಸಿ. ಮಿಕ್ಸಿಯನ್ನು ಅವಳ ಕೈಯಿಂದಲೇ ಆನ್ ಮಾಡಿಸಿ, ಆಫ್ ಮಾಡಿಸಿ. ಸ್ವಿಚ್ಚು ತನ್ನ ಕೈಯಲ್ಲಿದ್ದರೆ ಅರ್ಧ ಭಯ ಹೋಗುತ್ತದೆ.

ಮುಂದಿನ ಮೆಟ್ಟಿಲು ಸಿನಿಮಾ ಅಲ್ಲ, ನಾಟಕ. ನಾಟಕ ಸಂಸ್ಥೆ ರಂಗಾಯಣ ನಿಮ್ಮ ಮೈಸೂರಲ್ಲೇ ಇರುವುದು ಎಷ್ಟು ಅನುಕೂಲ ನೋಡಿ. ಅವರ ಬೇಸಿಗೆ ಶಿಬಿರ ಚಿಣ್ಣರ ಮೇಳ ಮುಗಿಯುವಾಗ ಮಕ್ಕಳೇ ನಾಟಕ ಆಡುತ್ತಾರೆ. ಅಲ್ಲಿನ ವನರಂಗ ಬಯಲು ರಂಗಮಂದಿರ, ಬೇಜಾರಾದರೆ ಎದ್ದು ಮರದ ಕೆಳಗೆ ಹೋಗಿ ನಿಲ್ಲಬಹುದು. ರಾಕ್ಷಸನ ವೇಷದ ಹುಡುಗ ನಾಟಕ ಮುಗಿದ ಮೇಲೆ ಮೀಸೆ ಕಿತ್ತು ಕೈಯಲ್ಲಿ ಹಿಡಿದುಕೊಂಡು ಐಸ್‌ಕ್ರೀಂ ತಿನ್ನುತ್ತಿರುತ್ತಾನೆ. ಅದನ್ನು ಕಣ್ಣಾರೆ ಕಂಡ ಮಗುವಿಗೆ "ಅದು ಸುಳ್ಳು ಕಣೋ" ಅಂತ ನೀವು ಬಾಯಲ್ಲಿ ಹೇಳಬೇಕಾಗಿಲ್ಲ.

ಆಮೇಲೆ ಥಿಯೇಟರು. ಯು ಸರ್ಟಿಫಿಕೇಟ್ (ಎಲ್ಲ ವಯಸ್ಸಿನವರೂ ನೋಡಬಹುದು ಅಂತ) ಇರುವ, ಬಿಡುಗಡೆಯಾಗಿ ಎರಡು ಮೂರು ವಾರವಾದ ಸಿನಿಮಾ ಆರಿಸಿ. ವಾರದ ದಿನದ ಬೆಳಗಿನ ಆಟ, ಹಿಂದಿನ ಸಾಲು, ದಾರಿ ಪಕ್ಕದ ಸೀಟು. ಹತ್ತು ನಿಮಿಷ ತಡವಾಗಿಯೇ ಒಳಗೆ ಹೋಗಿ. ಮಕ್ಕಳ ಸಿನಿಮಾಕ್ಕೂ ಮುಂಚೆ ಬೇರೆ ಸಿನಿಮಾಗಳ ಟ್ರೈಲರ್ ಹಾಕುತ್ತಾರೆ, ಅವೇ ಜಾಸ್ತಿ ಹೆದರಿಸುವುದು. ಸೀಟು ಮಡಚದ ಹಾಗೆ ಅದರ ಮೇಲೆ ನಿಮ್ಮ ಬ್ಯಾಗ್ ಇಟ್ಟು ಕೂರಿಸಿ, ಇಲ್ಲವೇ ತೊಡೆ ಮೇಲೆ. ಎಸಿಗೆ ಒಂದು ಸ್ವೆಟರ್. ಮಕ್ಕಳ ಕಿವಿಗೆ ಹಾಕುವ ಇಯರ್ ಮಫ್ ಸಿಗುತ್ತದೆ, ನೋಡಲು ಹೆಡ್‌ಫೋನ್ ಥರ. ಪಾಪ್‌ಕಾರ್ನ್ ಬೇಡ. ನಾಲ್ಕು ವರ್ಷ ತುಂಬುವವರೆಗೆ ಪಾಪ್‌ಕಾರ್ನ್, ಕಡ್ಲೆಬೀಜ ಎರಡೂ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯ ಇರುತ್ತದೆ, ಕತ್ತಲಲ್ಲಿ ನಿಮಗೆ ಕಾಣುವುದೂ ಇಲ್ಲ. ಬಾಳೆಹಣ್ಣು ಮುಂಚೆಯೇ ತಿನ್ನಿಸಿಕೊಂಡು ಹೋಗಿ. ಇನ್ನೊಂದು, ಇದನ್ನು ಯಾರೂ ಹೇಳುವುದಿಲ್ಲ: ಮಾಲಿನ ಟಾಯ್ಲೆಟ್ಟಿನಲ್ಲಿ ಕೈ ಒಣಗಿಸುವ ಮಷೀನು ಭೋರ್ ಅನ್ನುತ್ತದಲ್ಲ, ಸಿನಿಮಾಕ್ಕೆ ಹೆದರದ ಮಕ್ಕಳೂ ಅದಕ್ಕೆ ಹೆದರಿ ಒದ್ದೆ ಚಡ್ಡಿಯಲ್ಲಿ ಹೊರಗೆ ಓಡಿಬರುತ್ತವೆ. ಕೈ ಒರೆಸಲು ಒಂದು ಕರ್ಚೀಫು ಇಟ್ಟುಕೊಳ್ಳಿ.

ಮೊದಲ ಸಲ ಇಂಟರ್ವಲ್‌ಗೇ ಮನೆಗೆ ಬನ್ನಿ, ಚೆನ್ನಾಗಿ ಕೂತಿದ್ದರೂ. ಉಳಿದ ಕಥೆಯನ್ನು ರಾತ್ರಿ ಮಲಗುವಾಗ ನೀವೇ ಕಟ್ಟಿ ಹೇಳಿ. ಮೂರು ದಾಟಿದ ಮಗುವಿಗೆ ಮಲ್ಟಿಪ್ಲೆಕ್ಸಿನಲ್ಲಿ ಸಾಮಾನ್ಯವಾಗಿ ಟಿಕೆಟ್ ತೆಗೆಯಲೇಬೇಕು. ಆ ದುಡ್ಡು ಕೌಂಟರಿನಲ್ಲೇ ಹೋಯಿತು ಅಂದುಕೊಂಡು ಒಳಗೆ ಹೋಗಿ.

ಇನ್ನು ನಿಮ್ಮ ಯಜಮಾನರ ಮೊದಲ ದಿನದ ಆಟ. ಹೊರಗೆ ಪಟಾಕಿ, ತಮಟೆ, ಕಟೌಟಿಗೆ ಹಾಲು. ಒಳಗೆ ಶಿಳ್ಳೆ, ಹಾರುವ ಕಾಗದ, ಸೀಟಿನ ಮೇಲೆ ನಿಂತು ಕುಣಿಯುವವರು. ಅದರ ಮಜವೇ ಬೇರೆ, ಇಲ್ಲ ಅನ್ನಲ್ಲ. ಗೆಳೆಯರ ಜೊತೆ ಕಳಿಸಿಕೊಡಿ. ಪುಟ್ಟಿಗೆ ಅಲ್ಲಿ ಕಾಣುವುದು ಮುಂದೆ ನಿಂತವರ ಬೆನ್ನು ಅಷ್ಟೇ.

ಪ್ರಶ್ನೆ: ಮಗನಿಗೆ 8 ತಿಂಗಳು. ಹಾಲು ಕುಡಿಸಿದರೆ ಮಲಗಿಬಿಡುತ್ತಾನೆ. ಒಂದು ವರ್ಷದಿಂದ ಮನೆ ಬಿಟ್ಟು ಹೊರಗೆ ಹೋಗಿಲ್ಲ, ತಲೆ ಕೆಟ್ಟುಹೋಗಿದೆ. ಒಂದು ಸಿನಿಮಾ ನೋಡಬಹುದಾ?
ಹೆಸರು ಬೇಡ, ಮಂಡ್ಯ

ಉತ್ತರ: ನೀವು ಖಂಡಿತ ನೋಡಿ. ಅವನನ್ನು ಬಿಟ್ಟು ಹೋಗಿ. ಮಗು ಕಣ್ಣು ಮುಚ್ಚುತ್ತದೆ, ಕಿವಿ ಮುಚ್ಚುವುದಿಲ್ಲ. ಎರಡೂವರೆ ಗಂಟೆ ಆ ಸದ್ದು ಎಳೆ ಕಿವಿಗೆ ಬೇಡ. ಎರಡು ವರ್ಷದ ಒಳಗಿನ ಮಕ್ಕಳಿಗೆ ಪರದೆಯೇ ಬೇಡ, ದೂರದ ಅಜ್ಜಿ ತಾತನ ಜೊತೆ ಆಗೊಮ್ಮೆ ವಿಡಿಯೋ ಕಾಲ್ ಬಿಟ್ಟು, ಅಂತ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯೂ ಹೇಳಿದೆ. ನಿಮ್ಮಮ್ಮನನ್ನೋ ಅಕ್ಕನನ್ನೋ ಒಂದು ಮಧ್ಯಾಹ್ನಕ್ಕೆ ಕರೆಸಿ. ಮೂರು ಗಂಟೆ ಮಗು ಬಿಟ್ಟು ಹೋದಳು ಅಂತ ಯಾರಾದರೂ ಅಂದರೆ ನನ್ನ ಹೆಸರು ಹೇಳಿ.

ಪ್ರಶ್ನೆ: ಆರು ವರ್ಷದ ಮೊಮ್ಮಗನನ್ನು 'ಕಾಮಿಡಿ' ಎಂದು ಒಂದು ದೆವ್ವದ ಸಿನಿಮಾಕ್ಕೆ ಕರೆದುಕೊಂಡು ಹೋದೆ. ಅಲ್ಲಿ ನಗುತ್ತಲೇ ಇದ್ದ. ಈಗ ಹದಿನೈದು ದಿನದಿಂದ ಬಚ್ಚಲಿಗೆ ಒಬ್ಬನೇ ಹೋಗುವುದಿಲ್ಲ. ಮಗ ಸೊಸೆ ನನ್ನ ಮೇಲೆ ಸಿಟ್ಟಾಗಿದ್ದಾರೆ.
ಒಬ್ಬ ತಾತ, ಶ್ರೀರಂಗಪಟ್ಟಣ

ಉತ್ತರ: ದೊಡ್ಡವರು ನಕ್ಕರೆ ಮಕ್ಕಳೂ ನಗುತ್ತವೆ, ತಾತ. ಹೆದರಿಕೆ ಆಮೇಲೆ, ಬಚ್ಚಲಿನ ಬಾಗಿಲ ಹತ್ತಿರ ಬರುತ್ತದೆ. "ಗಂಡು ಹುಡುಗ, ಹೆದರ್ತೀಯಾ" ಅಂತ ಮಾತ್ರ ಅನ್ನಬೇಡಿ. ಮೂರು ದಿನ ಜೊತೆಗೆ ಒಳಗೆ ಹೋಗಿ. ಆಮೇಲೆ ಮೂರು ದಿನ ಬಾಗಿಲಲ್ಲಿ ನಿಂತು ಮಾತಾಡಿ. ಆಮೇಲೆ ಹಜಾರದಿಂದ ಕೂಗಿ ಹೇಳಿ, ಇಲ್ಲೇ ಇದೀನಿ ಅಂತ. ನನ್ನ ತರಗತಿಯಲ್ಲಿ ಒಬ್ಬ ಹುಡುಗ ಇಂಥದೇ ಭಯಕ್ಕೆ ದಿನಾ ಆ ದೆವ್ವದ ಚಿತ್ರ ಬರೆಯುತ್ತಿದ್ದ. ಬರೆಯಲಿ ಅಂತ ಬಿಟ್ಟೆ. ಮೊದಲ ವಾರ ಬರೀ ಕಪ್ಪು ಗೀಚು. ಎರಡನೇ ವಾರ ಅದಕ್ಕೆ ಕನ್ನಡಕ ಬಂತು. ಮೂರನೇ ವಾರ ಪಂಚೆ ಉಡಿಸಿ ಕೈಗೊಂದು ತರಕಾರಿ ಚೀಲ ಕೊಟ್ಟ. ಅಲ್ಲಿಗೆ ದೆವ್ವದ ಕಥೆ ಮುಗಿಯಿತು. ಇನ್ನೂ ಎರಡು ಮೂರು ವಾರ ಕಳೆದರೂ ನಿದ್ದೆ ಕೆಡುತ್ತಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಮುಂದಿನ ಸಲ ಟಿಕೆಟ್ ತೆಗೆಯುವ ಮುಂಚೆ ಸರ್ಟಿಫಿಕೇಟ್ ನೋಡಿ. ಮೊದಲು ಯುಎ ಅಂತ ಒಂದೇ ಇತ್ತು. 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯ್ದೆ ಬಂದ ಮೇಲೆ ಅದನ್ನು ಯುಎ 7+, ಯುಎ 13+, ಯುಎ 16+ ಅಂತ ಮೂರು ಮಾಡಿದ್ದಾರೆ. ಆ ವಯಸ್ಸಿಗಿಂತ ಚಿಕ್ಕವರಿಗಾದರೆ ದೊಡ್ಡವರು ಯೋಚಿಸಿ ತೋರಿಸಿ ಅಂತ ಅರ್ಥ. ಎ ಸಿನಿಮಾಕ್ಕೆ 18 ತುಂಬದವರನ್ನು ಬಿಡುವ ಹಾಗಿಲ್ಲ, ತಾತ ಜೊತೆಗಿದ್ದರೂ. ಆದರೆ ಯುಎಗೆ ಗೇಟಿನವರು ತಡೆಯುವುದಿಲ್ಲ, ತೀರ್ಮಾನ ನಿಮ್ಮದೇ. ಅಂದಹಾಗೆ ಮಗ ಸೊಸೆಯ ಸಿಟ್ಟಿಗೆ ಮದ್ದು ನನ್ನ ಹತ್ತಿರ ಇಲ್ಲ. ಬಚ್ಚಲಿನ ಡ್ಯೂಟಿ ನೀವೇ ವಹಿಸಿಕೊಂಡರೆ ತಾನಾಗೇ ಇಳಿಯಬಹುದು.

ಪ್ರಶ್ನೆ: ಇನ್ನೂರು ಮುನ್ನೂರು ಕೊಟ್ಟು ಸಿನಿಮಾಕ್ಕೆ ಹೋದರೆ ಹಿಂದಿನ ಸೀಟಲ್ಲಿ ಯಾರದೋ ಮಗು ಅಳುತ್ತಿರುತ್ತದೆ. ಇವರಿಗೆಲ್ಲ ಬುದ್ಧಿ ಬೇಡವಾ?
ಒಬ್ಬ ಪ್ರೇಕ್ಷಕ, ಸರಸ್ವತಿಪುರಂ, ಮೈಸೂರು

ಉತ್ತರ: ಬುದ್ಧಿ ಹೇಳುವ ಕೆಲಸ ಮೇಲೆ ಮಾಡಿದ್ದೇನೆ. ನಿಮ್ಮ ಪಾಲಿನದು ಇಷ್ಟು: ಮಗು ಎತ್ತಿಕೊಂಡು ಯಾರಾದರೂ ಸಾಲಿನಿಂದ ಹೊರಗೆ ಹೊರಟರೆ ತಿರುಗಿ ಗುರಾಯಿಸಬೇಡಿ. ಕಾಲು ಮಡಚಿ ದಾರಿ ಬಿಡಿ, ಫೋನಿನ ಬೆಳಕು ಮೆಟ್ಟಿಲ ಕಡೆ ಹಿಡಿಯಿರಿ. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ನೀರಿನ ಬಾಟಲಿ ಇರುವವರಿಗೆ ಆ ಮೆಟ್ಟಿಲು ಕಾಣುವುದಿಲ್ಲ.