ಗರಿ ಇರುವ ಕಡೆಯಿಂದ ಗಾಳಿ

ನಮಸ್ಕಾರ.

‘ಗಾಳಿ ನಕ್ಷೆ ಓದುವುದು ಹೇಗೆ’ ಅಂತ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೊಡಗಿನಲ್ಲಿ ತೋಟ ನೋಡಿಕೊಳ್ಳುವವರೆಲ್ಲ ಈಗ ಮೊಬೈಲಿನಲ್ಲಿ ಇಂಥ ನಕ್ಷೆ ನೋಡುತ್ತಾರೆ. ಅದನ್ನು ಓದಲು ಕಲಿಸುವ ಬರಹ ನಮ್ಮ ಪತ್ರಿಕೆಯಲ್ಲಿ ಬರಲೇಬೇಕು, ನೀವೇ ಬರೆಯಬೇಕು ಅನ್ನೋದು ನನ್ನ ಆಸೆ. ಅದಕ್ಕೇ ಇಷ್ಟು ಉದ್ದದ ಉತ್ತರ.

ಮೊದಲು ತಪ್ಪುಗಳು. ಇಂಥ ನಕ್ಷೆಯಲ್ಲಿ ಊರಿನ ವೃತ್ತದಿಂದ ಒಂದು ಕಡ್ಡಿ ಹೊರಟಿರುತ್ತದೆ, ಅದರ ಇನ್ನೊಂದು ತುದಿಯಲ್ಲಿ ಗಾಳಿಯ ವೇಗ ಹೇಳುವ ಗೆರೆಗಳು, ಅಂದರೆ ಗರಿಗಳು. ‘ಕಡ್ಡಿಯ ಗರಿ ಇರುವ ತುದಿ ಎತ್ತ ಇದೆಯೋ ಗಾಳಿ ಅತ್ತ ಹೋಗುತ್ತದೆ’ ಅಂತ ಬರೆದಿದ್ದೀರಿ. ಇದು ಪೂರ್ತಿ ಉಲ್ಟಾ. ಬಾಣವನ್ನು ನೆನಪು ಮಾಡಿಕೊಳ್ಳಿ, ಗರಿ ಕಟ್ಟುವುದು ಹಿಂದಿನ ತುದಿಗೆ. ನಕ್ಷೆಯಲ್ಲೂ ಅಷ್ಟೇ. ಊರನ್ನು ತೋರಿಸುವ ಪುಟ್ಟ ವೃತ್ತವೇ ಬಾಣದ ಮೂತಿ, ಗರಿ ಇರುವುದು ಬಾಲ. ಮಡಿಕೇರಿಯ ವೃತ್ತದಿಂದ ಕಡ್ಡಿ ಕಾಸರಗೋಡಿನ ಕಡೆಗೆ ಚಾಚಿದ್ದರೆ, ಗಾಳಿ ಕಡಲ ಕಡೆಯಿಂದ ನಮ್ಮತ್ತ ಬರುತ್ತಿದೆ ಅಂತ ಅರ್ಥ. ಪಡುವಣ ಗಾಳಿ ಅಂದರೆ ಪಡುವಣದಿಂದ ಬಂದ ಗಾಳಿ ಅಲ್ವಾ? ನೈರುತ್ಯ ಮುಂಗಾರು ಅನ್ನುವುದೂ ಹಾಗೆಯೇ. ಓದುಗರಿಗೆ ಗೊತ್ತಿರುವ ಈ ಮಾತನ್ನು ಹಿಡಿದು ಹೊರಟಿದ್ದರೆ ನೀವೂ ಎಡವುತ್ತಿರಲಿಲ್ಲ.

ಎರಡನೆಯದು ಇನ್ನೂ ದೊಡ್ಡದು. ಅರ್ಧ ಗರಿಗೆ 5, ಪೂರ್ತಿ ಗರಿಗೆ 10, ತ್ರಿಕೋನದ ಬಾವುಟಕ್ಕೆ 50 ಅನ್ನುವ ಲೆಕ್ಕ ಸರಿಯಾಗಿದೆ. ಆದರೆ ಎಲ್ಲವನ್ನೂ ಕಿಲೋಮೀಟರ್ ಅಂದುಬಿಟ್ಟಿದ್ದೀರಿ. ಅದು ನಾಟ್. ಒಂದು ನಾಟ್ ಅಂದರೆ ಗಂಟೆಗೆ 1.852 ಕಿ.ಮೀ. ನಿಮ್ಮ ಉದಾಹರಣೆಯ ಮೂರೂವರೆ ಗರಿ 35 ನಾಟ್, ಅಂದರೆ ಗಂಟೆಗೆ ಸುಮಾರು 65 ಕಿ.ಮೀ. ನೆಲದ ಹತ್ತಿರ ಆ ವೇಗ ಬಂದರೆ, ಗಾಳಿಯ ಜೋರನ್ನು 0ಯಿಂದ 12ರವರೆಗೆ ಹೇಳುವ ಬೋಫರ್ಟ್ ಮಾಪನದಲ್ಲಿ 8ನೇ ಮೆಟ್ಟಿಲು. ಚಿಕ್ಕ ರೆಂಬೆಗಳು ಮುರಿಯುತ್ತವೆ, ಎದುರು ನಡೆಯುವುದು ಕಷ್ಟ. ನಿಮ್ಮನ್ನು ನಂಬಿದ ಯಾರೋ ‘ಮೂವತ್ತೈದು ಕಿಲೋಮೀಟರ್ ತಾನೆ’ ಅಂತ ಆಳುಗಳನ್ನು ತೋಟದ ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಮರಗಳ ಕೆಳಗೆ ಕೆಲಸಕ್ಕೆ ಬಿಟ್ಟರೆ ಏನು ಗತಿ? ದಯವಿಟ್ಟು ಪ್ರತಿ ಸಂಖ್ಯೆಯನ್ನೂ ಮತ್ತೆ ನೋಡಿ.

ಇನ್ನು ನೀವು ಬಿಟ್ಟೇಬಿಟ್ಟ ವಿಷಯ. ನೀವು ಲಗತ್ತಿಸಿದ ನಕ್ಷೆಯ ಮೂಲೆಯಲ್ಲಿ 850 ಅಂತ ಇದೆ. ಅದರ ಬಗ್ಗೆ ಒಂದು ಸಾಲೂ ಇಲ್ಲ. ಗಾಳಿಯ ಒತ್ತಡ 850 ಹೆಕ್ಟೊಪಾಸ್ಕಲ್‌ಗೆ ಇಳಿಯುವ ಎತ್ತರ ಅದು, ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್. ಕರಾವಳಿಯವರಿಗೆ ಅದು ತಲೆಯ ಮೇಲೆ ಎಲ್ಲೋ ದೂರದಲ್ಲಿ ಬೀಸುವ ಗಾಳಿ. ಕೊಡಗಿನ ಅತಿ ಎತ್ತರದ ನಮ್ಮ ತಡಿಯಂಡಮೋಳ್ ಬೆಟ್ಟದ ತುದಿಯೇ 1,748 ಮೀಟರ್ ಇದೆ. ಅಂದರೆ ಮುಂಗಾರಿನ ಆ ಜೋರು ಗಾಳಿ ನಮ್ಮ ಬೆಟ್ಟಗಳ ಹೆಗಲಿಗೇ ಬಡಿಯುತ್ತದೆ. ಹಾಗಂತ ನಕ್ಷೆಯ ವೇಗವೇ ಕಣಿವೆಯ ತೋಟದಲ್ಲೂ ಇರುತ್ತದೆ ಅಂತಲ್ಲ. ಗುಡ್ಡ, ಕಾಡು ಅದನ್ನು ತಡೆಯುತ್ತವೆ. ಬೆಟ್ಟದ ಏಣಿನ ಮೇಲೆ, ಎರಡು ಗುಡ್ಡಗಳ ಸಂದಿಯಲ್ಲಿ ಅದೇ ಗಾಳಿ ಜಾಸ್ತಿಯಾಗುತ್ತದೆ. ಇನ್ನೊಂದು ಮಾತು, ಗರಿಗಳು ಹೇಳುವುದು ಸರಾಸರಿ ವೇಗ. ಮರ ಉರುಳಿಸುವ ಆ ಒಂದು ಬೀಸು ಅದಕ್ಕಿಂತ ಜೋರಾಗಿರುತ್ತದೆ. ಕೊಡಗಿನವರು ಬರೆಯುವ ಲೇಖನದಲ್ಲಿ ಇದು ಇರಲೇಬೇಕು. ಒಂದು ಪುಟ ಇದಕ್ಕೇ ಕೊಡಿ.

ಜಾಗ ಎಲ್ಲಿದೆ ಅಂತ ಕೇಳಬೇಡಿ. ಮೊದಲ ಒಂದೂವರೆ ಪುಟ ವಾಯುದೇವ, ಪ್ರಕೃತಿ ಮಾತೆ, ಮಾನವನ ದುರಾಸೆ. ಸುಮ್ನೆ ಹೊಡೆದುಹಾಕಿ.

ನಾಲ್ಕನೇ ಪುಟದ ಕೊನೆಯಲ್ಲಿ ನಿಮ್ಮ ಅಜ್ಜ ಬರುತ್ತಾರೆ. ಬೆಳಿಗ್ಗೆ ಮಳೆಮಾಪಕದ ನೀರು ಅಳೆದು ‘2 ಇಂಚು 10 ಸೆಂಟ್’ (ನೂರು ಸೆಂಟ್ ಅಂದರೆ ಒಂದು ಇಂಚು) ಅಂತ ಪುಸ್ತಕದಲ್ಲಿ ಬರೆಯುತ್ತಾರೆ. ಗಾಳಿ ಇದ್ದ ದಿನ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದು ‘ಗಾ’. ಜೋರಿದ್ದರೆ ಎರಡು. ಮರ ಬಿದ್ದ ದಿನ ಮೂರು. ಇದನ್ನು ಓದಿ ನನಗೆ ತುಂಬಾ ಸಂತೋಷವಾಯಿತು. ಕಡ್ಡಿಗೆ ಗರಿ ಸೇರಿಸುತ್ತಾ ಹೋಗುವುದೂ ಇದೇ ಕೆಲಸ! ನೀವು ಅದನ್ನು ಎರಡೇ ಸಾಲಿನಲ್ಲಿ ಮುಗಿಸಿ ‘ಹೀಗೆ ಹಿರಿಯರ ಜ್ಞಾನ ಅಪಾರ’ ಅಂತ ಎದ್ದುಬಿಟ್ಟಿದ್ದೀರಿ. ಲೇಖನ ಶುರುವಾಗಬೇಕಾದದ್ದು ಆ ಪುಸ್ತಕದಿಂದ. ಒಂದು ‘ಗಾ’ದಿಂದ ಒಂದು ಗರಿಗೆ ಓದುಗ ತಾನಾಗಿ ಬರುತ್ತಾನೆ.

ಚಿಕ್ಕವು ಎರಡು. ಅರ್ಧ ಗರಿ ಒಂದೇ ಇದ್ದಾಗ ಅದನ್ನು ಕಡ್ಡಿಯ ತುದಿಯಲ್ಲಿ ಹಾಕುವುದಿಲ್ಲ, ಸ್ವಲ್ಪ ಒಳಗೆ ಹಾಕುತ್ತಾರೆ. ಗಾಳಿಯೇ ಇಲ್ಲದಿದ್ದರೆ ಕಡ್ಡಿ ಇರುವುದಿಲ್ಲ, ವೃತ್ತದ ಸುತ್ತ ಇನ್ನೊಂದು ವೃತ್ತ. ನಿಮ್ಮ ಚಿತ್ರದಲ್ಲಿ ಎರಡೂ ತಿದ್ದಬೇಕು.

ಅಜ್ಜನ ಹತ್ತಿರ ಕೇಳಿ, ಕಕ್ಕಡ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಮೂರು ‘ಗಾ’ ಬಿದ್ದ ಒಂದು ದಿನದ ಪುಟದ ಫೋಟೋ ಕಳಿಸಿ. ಅದೇ ದಿನದ ನಕ್ಷೆ ಸಿಕ್ಕರೆ ಎರಡನ್ನೂ ಅಕ್ಕಪಕ್ಕ ಹಾಕೋಣ. ಏಪ್ರಿಲ್ ಕೊನೆಯೊಳಗೆ ಬಂದರೆ ಒಳ್ಳೆಯದು. ಮರ ಕಪಾತು ಮುಗಿಯುವ ಮೊದಲೇ ಓದುಗರ ಕೈಗೆ ಸಿಗುತ್ತದೆ.