ಈ ವಯಸ್ಸಲ್ಲಿ ಬೀಳೋದನ್ನ ಕಲೀಬೇಕಾ?

ಪ್ರಶ್ನೆ: ನನಗೆ 69. ಹೋದ ವರ್ಷ ಎರಡು ಸಲ ಬಿದ್ದೆ, ಎರಡನೇ ಸಲ ಮಣಿಕಟ್ಟು ಮುರಿಯಿತು. ಮಗಳು ತಾಯ್ ಚಿ (ಚೀನಾದ ನಿಧಾನಗತಿಯ ವ್ಯಾಯಾಮ) ಕ್ಲಾಸಿಗೆ ಸೇರಮ್ಮ ಅಂತಾಳೆ. ಜೂಡೊ ಕಲಿಯುವ ಮೊಮ್ಮಗ, "ಬೀಳೋದು ಹೇಗೆ ಅಂತ ನಾನೇ ಹೇಳಿಕೊಡ್ತೀನಿ ಅಜ್ಜಿ" ಅಂತಾನೆ. ಯಾರ ಮಾತು ಕೇಳಲಿ? (ಹೆಸರು ಬೇಡ)

ಉತ್ತರ: ಸದ್ಯಕ್ಕೆ ಮಗಳ ಮಾತು ಕೇಳಿ ಅಮ್ಮ. ಮೊಮ್ಮಗ ಹೇಳೋದೂ ಸುಳ್ಳಲ್ಲ, ಅದಕ್ಕೆ ಆಮೇಲೆ ಬರ್ತೀನಿ.

65 ದಾಟಿದವರಲ್ಲಿ ಹೆಚ್ಚುಕಮ್ಮಿ ಮೂವರಲ್ಲಿ ಒಬ್ಬರು ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆ, ನಾಚಿಕೆ ಬೇಡ. ಎಷ್ಟೋ ಸಲ ಕಾರಣ ಜಾರುವ ನೆಲ ಅಲ್ಲ, ಮೈತೂಕ ಒಂದು ಕಾಲಿಂದ ಇನ್ನೊಂದಕ್ಕೆ ಸರಿಯಾಗಿ ದಾಟದಿರೋದು. ಫೋನ್ ಸದ್ದಾಯ್ತು ಅಂತ ಗಕ್ಕನೆ ತಿರುಗುತ್ತೀರಿ, ಮೈ ಆಗಲೇ ಹೊರಟಿರುತ್ತದೆ, ಕಾಲು ಇನ್ನೂ ಅಲ್ಲೇ ಇರುತ್ತದೆ. ತಾಯ್ ಚಿಯಲ್ಲಿ ದಿನವೂ ಕಲಿಸೋದು ಇದನ್ನೇ: ಮಂಡಿ ಸ್ವಲ್ಪ ಬಗ್ಗಿಸಿ, ತೂಕವನ್ನೆಲ್ಲ ಬಲಗಾಲಿಗೆ ಹಾಕಿ, ಎಡಗಾಲು ಪೂರ್ತಿ ಹಗುರಾದ ಮೇಲೇ ಅದನ್ನು ಎತ್ತಿ, ಮೊದಲು ಹಿಮ್ಮಡಿ ಊರಿ, ಆಮೇಲೆ ಪಾದ, ಆಮೇಲೆ ನಿಧಾನಕ್ಕೆ ತೂಕ. ನೋಡೋಕೆ ಸೋಮಾರಿಗಳ ವ್ಯಾಯಾಮ. ಹತ್ತು ನಿಮಿಷ ಮಾಡಿದರೆ ತೊಡೆ ನಡುಗುತ್ತೆ!

ಅಮೆರಿಕದಲ್ಲಿ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 70 ದಾಟಿದ 670 ಜನರಿದ್ದರು. ಹಿಂದಿನ ವರ್ಷ ಬಿದ್ದವರು ಅಥವಾ ಓಡಾಡೋಕೆ ಕಷ್ಟ ಇದ್ದವರು. ವಾರಕ್ಕೆರಡು ದಿನ, ಆರು ತಿಂಗಳು ತಾಯ್ ಚಿ ಮಾಡಿದವರು ಬರೀ ಮೈ ಚಾಚುವ ವ್ಯಾಯಾಮ ಮಾಡಿದವರಿಗಿಂತ ಶೇ. 58ರಷ್ಟು ಕಡಿಮೆ ಬಿದ್ದರು. ಎಲ್ಲ ಅಧ್ಯಯನಗಳನ್ನೂ ಸೇರಿಸಿ ನೋಡಿದರೆ ಲಾಭ ಇಷ್ಟು ದೊಡ್ಡದಲ್ಲ, ಬೀಳೋದು ಐದರಲ್ಲಿ ಒಂದು ಪಾಲು ಕಡಿಮೆಯಾಗುತ್ತೆ ಅನ್ನಬಹುದು. ನನಗೆ ಅದೇ ಸಾಕು.

ಈಗ ಜೂಡೊ. ಬೀಳುವಾಗ ಗದ್ದ ಎದೆಗೊತ್ತಿ, ಬೆನ್ನು ಗುಂಡಾಗಿಸಿ, ಉರುಳಿ, ಇಡೀ ತೋಳಿನಿಂದ ನೆಲಕ್ಕೆ ಬಡಿಯುತ್ತಾರೆ. ಅಂಗೈ ಊರೋದಿಲ್ಲ. ನಿಮ್ಮ ಮಣಿಕಟ್ಟು ಹೋಗಿದ್ದು ಬಹುಶಃ ಅಂಗೈ ಊರಿದ್ದಕ್ಕೇ, ಅಲ್ವಾ? ಆದರೆ ನಿಂತಲ್ಲೇ ಬಿದ್ದು ಮೂಳೆ ಮುರಿದಿದೆ ಅಂದರೆ ಮೂಳೆ ಸವೆದಿರೋ ಅನುಮಾನ ಇದ್ದೇ ಇರುತ್ತೆ. ಮೊದಲು ಮೂಳೆ ಎಷ್ಟು ಗಟ್ಟಿ ಇದೆ ಅಂತ ನೋಡುವ ಡೆಕ್ಸಾ ಸ್ಕ್ಯಾನ್ ಮಾಡಿಸಿ, ನಿದ್ದೆ ಮಾತ್ರೆ, ಬಿಪಿ ಮಾತ್ರೆ ತಗೊಳ್ತಿದ್ದರೆ ಡಾಕ್ಟರಿಗೆ ತೋರಿಸಿ. ಬೀಳೋ ಅಭ್ಯಾಸ ಆಮೇಲೆ, ಅದೂ ದಪ್ಪ ಮ್ಯಾಟ್ ಮೇಲೆ, ವಯಸ್ಸಾದವರಿಗೆ ಕಲಿಸಿ ಗೊತ್ತಿರೋ ಗುರುಗಳ ಹತ್ತಿರ ಮಾತ್ರ.

ಮೊಮ್ಮಗನಿಗೆ ಬೇಜಾರಾಗೋದು ಬೇಡ. ನೀವು ಗಟ್ಟಿ ಕುರ್ಚಿಯ ಬೆನ್ನು ಹಿಡಿದು ಒಂಟಿ ಕಾಲಲ್ಲಿ ನಿಲ್ಲಿ, ಅವನು ಪಕ್ಕದಲ್ಲೇ ನಿಂತು ಹತ್ತರವರೆಗೆ ಎಣಿಸಲಿ.