ಬ್ಯಾಟರಿ ಹೊಸದು, ಐಡ್ಲಿಂಗ್ ಕೆಟ್ಟಿತು

ಪ್ರಶ್ನೆ: ನನ್ನದು 2013ರ ಪೆಟ್ರೋಲ್ ಕಾರು, 92,000 ಕಿ.ಮೀ. ಓಡಿದೆ. ಹೋದ ವಾರ ಬ್ಯಾಟರಿ ಬದಲಾಯಿಸಿದೆ. ಅವತ್ತಿನಿಂದ ಸಿಗ್ನಲ್‌ನಲ್ಲಿ ಕ್ಲಚ್ ಒತ್ತಿದ ತಕ್ಷಣ ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಸುತ್ತು) ಮುಳ್ಳು 500ಕ್ಕೆ ಇಳಿದು ಎಂಜಿನ್ ಆಫ್ ಆಗುತ್ತದೆ. ಎ.ಸಿ. ಹಾಕಿದ್ದರೆ ಇನ್ನೂ ಜಾಸ್ತಿ. ಹಳೆಯ ಬ್ಯಾಟರಿ ಇದ್ದಾಗ ಈ ರಗಳೆ ಇರಲಿಲ್ಲ. ಅಂಗಡಿಯವರು ಬ್ಯಾಟರಿ ಸರಿಯಾಗೇ ಇದೆ ಅನ್ನುತ್ತಾರೆ, ಮೆಕ್ಯಾನಿಕ್ ಥ್ರಾಟಲ್ ಬಾಡಿಯನ್ನೇ (ಎಂಜಿನ್‌ಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಭಾಗ) ಬದಲಾಯಿಸಿ ಅನ್ನುತ್ತಾರೆ. ಯಾರ ಮಾತು ನಂಬಲಿ ಸಾರ್?
– ಓದುಗರು, ತಿಪಟೂರು

ಉತ್ತರ: ಅಂಗಡಿಯವರು ಹೇಳಿದ್ದು ಬಹುತೇಕ ನಿಜ. ಮೆಕ್ಯಾನಿಕ್ ಬೆರಳು ತೋರಿಸಿದ ಜಾಗವೂ ಸರಿಯೇ, ಆದರೆ ಥ್ರಾಟಲ್ ಬಾಡಿಗೆ ಈಗಲೇ ದುಡ್ಡು ಸುರಿಯಬೇಡಿ. ಅಲ್ಲಿರುವ ತೊಂದರೆ ಹೋದ ವಾರ ಹುಟ್ಟಿದ್ದಲ್ಲ. ವರ್ಷಗಳಿಂದ ಬೆಳೆಯುತ್ತಿತ್ತು, ಎಂಜಿನ್ ನಡೆಸುವ ಕಂಪ್ಯೂಟರ್ ಇಸಿಯು ಅದನ್ನು ನಿಮಗೆ ಕಾಣದಂತೆ ಸಂಭಾಳಿಸಿಕೊಂಡು ಬಂದಿತ್ತು.

ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಥ್ರಾಟಲ್ ತಟ್ಟೆ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಅಂಚಿನಲ್ಲಿ ಸಣ್ಣ ಸಂದು ಉಳಿದಿರುತ್ತದೆ. ಆ ಸಂದಿನಲ್ಲಿ ನುಗ್ಗುವ ಗಾಳಿಯ ಮೇಲೇ ಎಂಜಿನ್ 700ರಿಂದ 850 ಆರ್‌ಪಿಎಂನಲ್ಲಿ ಓಡುತ್ತಿರುತ್ತದೆ, ಇದೇ ಐಡ್ಲಿಂಗ್. ಎಂಜಿನ್ನಿನ ತಳಭಾಗವಾದ ಕ್ರ್ಯಾಂಕ್‌ಕೇಸ್‌ನಿಂದ ಬರುವ ಎಣ್ಣೆ ಹೊಗೆ ಅಲ್ಲೇ ಅಂಟಿ ಮಸಿ ಕಟ್ಟುತ್ತದೆ, ಸಂದು ಕಿರಿದಾಗುತ್ತದೆ. ಇಸಿಯು ತಟ್ಟೆಯನ್ನು ಚೂರು ಚೂರೇ ಹೆಚ್ಚು ತೆರೆಯುತ್ತ ಆ ಲೆಕ್ಕವನ್ನು ನೆನಪಿನಲ್ಲಿಟ್ಟುಕೊಳ್ಳುತ್ತದೆ. ಬ್ಯಾಟರಿ ಬಿಚ್ಚಿದಾಗ ಆ ನೆನಪು ಅಳಿಸಿಹೋಯಿತು. ಈಗ ಅದು ಕಾರ್ಖಾನೆಯಿಂದ ಹೊರಬಿದ್ದ ದಿನದ ಲೆಕ್ಕ ಹಿಡಿದು ತಟ್ಟೆ ತೆರೆಯುತ್ತಿದೆ, ಥ್ರಾಟಲ್‌ನಲ್ಲಿ ಇರುವುದು 92,000 ಕಿ.ಮೀ. ಮಸಿ. ಗಾಳಿ ಸಾಲುತ್ತಿಲ್ಲ. ಎ.ಸಿ. ಕಂಪ್ರೆಸರ್‌ನ ಹೊರೆಯೂ ಸೇರಿದರೆ ಎಂಜಿನ್ ಕೈಬಿಡುತ್ತದೆ.

ಥ್ರಾಟಲ್‌ಗೆ ಕೈ ಹಾಕುವ ಮೊದಲು ಬ್ಯಾಟರಿ ಕೂರಿಸುವಾಗ ಏನಾದರೂ ಎಡವಟ್ಟಾಗಿದೆಯೇ ನೋಡಿ. ಎಂಜಿನ್ ಆಫ್ ಮಾಡಿ, ಎರಡೂ ಟರ್ಮಿನಲ್ ಕ್ಲಾಂಪ್‌ಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ತಿರುಚಿ. ಚೂರೂ ಅಲ್ಲಾಡಬಾರದು. ಚಿಕ್ಕ ಕಾರಿನ ಬ್ಯಾಟರಿಗಳಲ್ಲಿ ಟರ್ಮಿನಲ್ ಕಂಬ ಎರಡು ದಪ್ಪದಲ್ಲಿ ಬರುತ್ತದೆ. ದಪ್ಪ ಕಂಬದ ಕ್ಲಾಂಪ್ ಇರುವ ಗಾಡಿಗೆ ಸಣ್ಣ ಕಂಬದ ಬ್ಯಾಟರಿ ಕೂರಿಸಿ, ನಡುವೆ ತಗಡಿನ ಚೂರು ತುರುಕಿ ಕಳಿಸುವವರಿದ್ದಾರೆ. ಅದು ನಾಲ್ಕು ದಿನ ಹಿಡಿದುಕೊಂಡಿರುತ್ತದೆ, ಆಮೇಲೆ ಗುಂಡಿಗೆ ಬಿದ್ದಾಗಲೆಲ್ಲ ಕರೆಂಟು ಬಿಟ್ಟು ಬಿಟ್ಟು ಬರುತ್ತದೆ. ಪ್ರತಿ ಸಲ ಬಿಟ್ಟಾಗಲೂ ಇಸಿಯು ಕಲಿತದ್ದೆಲ್ಲ ಮತ್ತೆ ಸೊನ್ನೆ. ಸರಿಯಾದ ಸೀಸದ ತೋಳು (ಕಂಬಕ್ಕೆ ತೊಡಿಸುವ ಬಳೆ) ಹಾಕಿಸಿ, ಇಲ್ಲವೇ ಬ್ಯಾಟರಿಯನ್ನೇ ವಾಪಸು ಕೊಟ್ಟು ಸರಿಯಾದದ್ದು ತನ್ನಿ.

ಮಲ್ಟಿಮೀಟರ್ ಇದ್ದರೆ ಎರಡು ನಿಮಿಷದ ಕೆಲಸ. ಎಂಜಿನ್ ಆಫ್ ಆಗಿ ಒಂದೆರಡು ಗಂಟೆ ಕಳೆದ ಮೇಲೆ 12.5 ವೋಲ್ಟ್‌ಗಿಂತ ಮೇಲಿರಬೇಕು. ಎಂಜಿನ್ ಓಡುವಾಗ 13.8ರಿಂದ 14.5. ಹೆಡ್‌ಲೈಟ್, ಬ್ಲೋವರ್ ಹಾಕಿದಾಗ 13ರ ಕೆಳಗೆ ಇಳಿದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕಡೆ ನೋಡಿ. ಹಳೆಯ ಬ್ಯಾಟರಿಯನ್ನು ತಿಂದದ್ದು ಅದೇ ಇರಬಹುದು. ಅದೇ ಹೊರೆಯಲ್ಲಿ ಮೀಟರ್‌ನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಎಂಜಿನ್‌ನ ಬರಿ ಲೋಹಕ್ಕೆ ಇಡಿ. 0.2 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅರ್ಥಿಂಗ್ ವೈರು ತುಕ್ಕು ಹಿಡಿದಿದೆ ಅಥವಾ ಸಡಿಲವಾಗಿದೆ.

ಬಾನೆಟ್ ಮುಚ್ಚುವ ಮುಂಚೆ ಇನ್ನೊಂದು ನೋಟ. ಅನೇಕ ಕಾರುಗಳಲ್ಲಿ ಬ್ಯಾಟರಿ ಎತ್ತಲು ಏರ್ ಫಿಲ್ಟರ್ ಪೈಪನ್ನು ಸರಿಸಬೇಕಾಗುತ್ತದೆ. ವಾಪಸು ಕೂರಿಸುವಾಗ ಕ್ಲಾಂಪ್ ಅರ್ಧ ಕಚ್ಚಿರಬಹುದು, ಪಕ್ಕದ ಸಣ್ಣ ವ್ಯಾಕ್ಯೂಮ್ ಹೋಸ್ ಕಳಚಿರಬಹುದು. ಎಂಜಿನ್ ಓಡುವಾಗ 'ಉಸ್' ಎಂಬ ಸದ್ದು ಬರುತ್ತಿದೆಯೇ ಕಿವಿಗೊಟ್ಟು ಕೇಳಿ. ಥ್ರಾಟಲ್ ದಾಟಿದ ಮೇಲೆ ಗಾಳಿ ಸೋರಿದರೆ ಸಾಮಾನ್ಯವಾಗಿ ಐಡ್ಲಿಂಗ್ ಏರುತ್ತದೆ ಅಥವಾ ಮುಳ್ಳು ಏರಿಳಿಯುತ್ತದೆ. ನಿಮ್ಮದು ಬರೀ ಇಳಿಯುತ್ತಿದೆ, ಹಾಗಾಗಿ ನನ್ನ ಅನುಮಾನ ಮಸಿಯ ಮೇಲೇ.

ಇದೆಲ್ಲ ಸರಿಯಿದ್ದರೆ ಇಸಿಯುಗೆ ಪಾಠ ಹೇಳಿಕೊಡುವ ಕೆಲಸ. ಗಾಡಿಯನ್ನು ಬಯಲಲ್ಲಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಮುಚ್ಚಿದ ಗ್ಯಾರೇಜಿನಲ್ಲಿ ಬೇಡ. ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಎ.ಸಿ., ಬ್ಲೋವರ್, ಲೈಟು, ಸ್ಟೀರಿಯೊ ಎಲ್ಲ ಆಫ್. ಆಕ್ಸಿಲರೇಟರ್ ಮುಟ್ಟದೆ ಕೀ ಆನ್ ಮಾಡಿ ಹತ್ತು ಸೆಕೆಂಡ್ ಬಿಡಿ, ಆಫ್ ಮಾಡಿ ಮತ್ತೆ ಹತ್ತು ಸೆಕೆಂಡ್. ಥ್ರಾಟಲ್ ಮೋಟರ್ ತನ್ನ ಮುಚ್ಚಿದ ಸ್ಥಾನವನ್ನು ಗುರುತಿಸಿಕೊಳ್ಳುವ ಸಣ್ಣ ಸದ್ದು ಕೆಲವು ಗಾಡಿಗಳಲ್ಲಿ ಕೇಳುತ್ತದೆ. ಈಗ ಸ್ಟಾರ್ಟ್ ಮಾಡಿ, ರೇಡಿಯೇಟರ್ ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಪೆಡಲ್ ಮುಟ್ಟದೆ ಬಿಡಿ. ಆಮೇಲೆ ಎ.ಸಿ. ಹಾಕಿ ಇನ್ನೂ ಐದಾರು ನಿಮಿಷ. ಹೊರೆ ಇದ್ದಾಗಿನ ಲೆಕ್ಕವನ್ನು ಬೇರೆಯಾಗಿ ಕಲಿಯಬೇಕು, ಈ ಹೆಜ್ಜೆ ಬಿಟ್ಟವರೇ 'ಎ.ಸಿ. ಹಾಕಿದರೆ ಮಾತ್ರ ಆಫ್ ಆಗುತ್ತೆ' ಎಂದು ಬರೆಯುವುದು. ನಡುವೆ ಎಂಜಿನ್ ನಿಂತರೆ ಗಾಬರಿ ಬೇಡ, ಮತ್ತೆ ಸ್ಟಾರ್ಟ್ ಮಾಡಿ. ಕೊನೆಗೆ 15–20 ಕಿ.ಮೀ. ಓಡಿಸಿ. ನಾಲ್ಕನೇ ಗೇರಿನಲ್ಲಿ ವೇಗ ಹಿಡಿದು, ಕಾಲು ತೆಗೆದು, ಗೇರಿನಲ್ಲೇ ನಿಧಾನವಾಗಲು ಬಿಡುವುದನ್ನು ಕೆಲವು ಸಲ ಮಾಡಿ.

ಕಂಪನಿಯಿಂದ ಕಂಪನಿಗೆ ಕ್ರಮ ಬೇರೆ. ಹೋಂಡಾದಲ್ಲಿ ಹೊರೆ ಏನೂ ಇಲ್ಲದೆ 3,000 ಆರ್‌ಪಿಎಂನಲ್ಲಿ ಹಿಡಿದು, ಫ್ಯಾನ್ ತಿರುಗಿದ ಮೇಲೆ ಪೆಡಲ್ ಬಿಟ್ಟು ಐದು ನಿಮಿಷ ಐಡ್ಲಿಂಗ್‌ನಲ್ಲಿ ಬಿಡುವುದು. ನಿಸಾನ್‌ನ ಅನೇಕ ಪೆಟ್ರೋಲ್ ಗಾಡಿಗಳದ್ದು ಸ್ವಲ್ಪ ಸರ್ಕಸ್ಸೇ, ಗಡಿಯಾರ ಮುಂದಿಟ್ಟುಕೊಂಡೇ ಕೂರಬೇಕು: ಎಂಜಿನ್ ಬಿಸಿಯಾದ ಮೇಲೆ ಆಫ್ ಮಾಡಿ ಹತ್ತು ಸೆಕೆಂಡ್ ಬಿಟ್ಟು ಕೀ ಆನ್, ಮೂರು ಸೆಕೆಂಡ್ ಬಿಟ್ಟು ಐದು ಸೆಕೆಂಡಿನೊಳಗೆ ಪೆಡಲ್ ಐದು ಸಲ ಪೂರ್ತಿ ಒತ್ತಿ ಬಿಡುವುದು, ಏಳು ಸೆಕೆಂಡ್ ಸುಮ್ಮನಿರುವುದು, ಮತ್ತೆ ಪೂರ್ತಿ ಒತ್ತಿ ಹಿಡಿಯುವುದು. ಸುಮಾರು ಇಪ್ಪತ್ತು ಸೆಕೆಂಡಿಗೆ ಚೆಕ್ ಎಂಜಿನ್ ಲೈಟ್ ಮಿನುಗುವುದು ನಿಲ್ಲಿಸಿ ಗಟ್ಟಿಯಾಗಿ ಉರಿಯುತ್ತದೆ, ಮೂರು ಸೆಕೆಂಡಿನೊಳಗೆ ಕಾಲು ತೆಗೆದು ಸ್ಟಾರ್ಟ್ ಮಾಡಬೇಕು.

ಇಷ್ಟಾದರೂ ಮುಳ್ಳು 600ರ ಕೆಳಗೇ ತೂಗಾಡುತ್ತಿದ್ದರೆ ಥ್ರಾಟಲ್ ತೊಳೆಯಲೇಬೇಕು. ಎಂಜಿನ್ ತಣ್ಣಗಿರಲಿ, ಕೀ ಜೇಬಿನಲ್ಲಿರಲಿ. ಏರ್ ಪೈಪ್ ಬಿಚ್ಚಿ ಟಾರ್ಚ್ ಬಿಟ್ಟರೆ, ತಟ್ಟೆಯ ಅಂಚು ಗೋಡೆಗೆ ತಾಗುವ ಜಾಗದಲ್ಲಿ ಕಾಫಿ ಲೋಟದ ತಳದ ಕಲೆಯಂಥ ಕಪ್ಪು ಉಂಗುರ ಕಾಣುತ್ತದೆ. ನಿಮ್ಮ ತೊಂದರೆಯೆಲ್ಲ ಆ ಉಂಗುರದಲ್ಲಿದೆ. ಥ್ರಾಟಲ್ ಬಾಡಿಗೆಂದೇ ಬರುವ ಸ್ಪ್ರೇಯನ್ನು ನೂಲು ಬಿಡದ ಬಟ್ಟೆಗೆ ಹೊಡೆದುಕೊಂಡು ಒರೆಸಿ. ಒಳಗೆ ನೇರವಾಗಿ ಸುರಿದರೆ ಅದು ಮೋಟರ್, ಸೆನ್ಸರ್‌ಗಳ ಕಡೆ ಇಳಿಯುತ್ತದೆ. ಉಪ್ಪು ಕಾಗದ, ವೈರ್ ಬ್ರಷ್ ಬೇಡವೇ ಬೇಡ, ಕೆಲವು ಥ್ರಾಟಲ್‌ಗಳ ಒಳಗೆ ತೆಳು ಲೇಪನ ಇರುತ್ತದೆ. ಎಲೆಕ್ಟ್ರಾನಿಕ್ ಥ್ರಾಟಲ್‌ನ ತಟ್ಟೆಯನ್ನು ಬೆರಳಿನಿಂದ ಬಲವಾಗಿ ತಳ್ಳಿದರೆ ಒಳಗಿನ ಪ್ಲಾಸ್ಟಿಕ್ ಗೇರ್ ಹಾಳಾಗುತ್ತದೆ. ಕೀ ಆನ್ ಇದ್ದರೆ ಬೆರಳೂ ಹೋಗುತ್ತದೆ. ತಟ್ಟೆಯ ಸ್ಟಾಪ್ ಸ್ಕ್ರೂಗೆ ಬಣ್ಣದ ಗುರುತು ಹಾಕಿರುವುದು ತಿರುಗಿಸಬೇಡಿ ಎನ್ನಲಿಕ್ಕೇ.

ತೊಳೆದ ಮೇಲೆ ಮೇಲಿನ ಪಾಠವನ್ನು ಮೊದಲಿನಿಂದ ಮತ್ತೆ ಮಾಡಿ. ಮಾಡದಿದ್ದರೆ ಈ ಸಲ ಉಲ್ಟಾ: ಮಸಿ ಇದ್ದಾಗಿನ ಲೆಕ್ಕದಲ್ಲೇ ತಟ್ಟೆ ತೆರೆದು ಮುಳ್ಳು 1,200–1,500ರಲ್ಲಿ ನಿಲ್ಲುತ್ತದೆ. ಅದಕ್ಕೂ ಬಗ್ಗದಿದ್ದರೆ ಇಸಿಯು ದಾಖಲಿಸಿದ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿಸಿ. ಪಿ0506 ಎಂದರೆ ಐಡ್ಲಿಂಗ್ ಕಡಿಮೆ, ಪಿ0507 ಎಂದರೆ ಹೆಚ್ಚು, ಪಿ0171 ಜೊತೆಗಿದ್ದರೆ ಗಾಳಿ ಎಲ್ಲೋ ಸೋರುತ್ತಿರಬಹುದು. ಥ್ರಾಟಲ್ ಬಾಡಿ ಬದಲಾಯಿಸುವ ಮಾತು ಇಷ್ಟೂ ಮುಗಿದ ಮೇಲೆ.

ಪ್ರಶ್ನೆ: ನನ್ನದು ಕಾರ್ಬ್ಯುರೇಟರ್ ಇರುವ ಹಳೆಯ ಮಾರುತಿ 800. ಬ್ಯಾಟರಿ ಬದಲಾಯಿಸಿದರೆ ಇದಕ್ಕೂ ಹೀಗೆ ಆಗುತ್ತದೆಯೇ?
– ಓದುಗರು, ಶಿರಸಿ

ಉತ್ತರ: ಇಲ್ಲ. ಅದರಲ್ಲಿ ಮರೆಯುವುದಕ್ಕೆ ನೆನಪೇ ಇಲ್ಲ. ಐಡ್ಲಿಂಗ್ ಕೆಟ್ಟಿದ್ದರೆ ಜೆಟ್‌ನ ಕಸ, ಐಡ್ಲಿಂಗ್ ಸ್ಕ್ರೂ, ವ್ಯಾಕ್ಯೂಮ್ ಹೋಸ್ ನೋಡಿಸಿ.

ಪ್ರಶ್ನೆ: ಬ್ಯಾಟರಿ ಬದಲಾದ ಮೇಲೆ ಸ್ಟೀರಿಂಗ್ ಲೈಟ್ ಉರಿಯುತ್ತಿದೆ, ಡ್ರೈವರ್ ಪಕ್ಕದ ಗಾಜು ಒಂದೇ ಒತ್ತಿಗೆ ಏರುತ್ತಿಲ್ಲ. ಮುಂದಿನ ಸಲ ಇದೆಲ್ಲ ಆಗದಂತೆ ಬದಲಾಯಿಸಲು ಬರುವುದಿಲ್ಲವೇ?
– ಓದುಗರು, ಗಂಗಾವತಿ

ಉತ್ತರ: ಎರಡೂ ಮರೆವಿನ ತೊಂದರೆಗಳೇ. ಎಂಜಿನ್ ಓಡುವಾಗ ಸ್ಟೀರಿಂಗನ್ನು ಎಡಕ್ಕೆ ಕೊನೆಯವರೆಗೆ, ಬಲಕ್ಕೆ ಕೊನೆಯವರೆಗೆ ತಿರುಗಿಸಿ ನೇರಕ್ಕೆ ತನ್ನಿ. ಸ್ವಲ್ಪ ದೂರ ನೇರವಾಗಿ ಓಡಿಸಿದರೆ ಬಹಳಷ್ಟು ಗಾಡಿಗಳಲ್ಲಿ ಲೈಟ್ ಆರುತ್ತದೆ. ಗಾಜನ್ನು ಪೂರ್ತಿ ಇಳಿಸಿ, ನಂತರ ಸ್ವಿಚ್ ಎತ್ತಿ ಹಿಡಿದು ಪೂರ್ತಿ ಏರಿಸಿ, ಮೇಲೆ ತಾಗಿದ ಮೇಲೂ ಎರಡು ಮೂರು ಸೆಕೆಂಡ್ ಸ್ವಿಚ್ ಬಿಡಬೇಡಿ.

ನೆನಪು ಉಳಿಸಬೇಕೆಂದರೆ ಇನ್ನೊಂದು 12 ವೋಲ್ಟ್ ಬ್ಯಾಟರಿಯನ್ನು ವೈರಿನಲ್ಲಿ ಸಮಾನಾಂತರವಾಗಿ ಕೊಟ್ಟು ಹಳೆಯದನ್ನು ಬಿಚ್ಚುವ ಪದ್ಧತಿ ಇದೆ. ಆದರೆ ಆಗ ಬಿಚ್ಚಿದ ಪ್ಲಸ್ ಕ್ಲಾಂಪಿನಲ್ಲೂ ಕರೆಂಟು ಇರುತ್ತದೆ. ಅದು ಬಾನೆಟ್ಟಿನ ತಗಡಿಗೆ ಒಮ್ಮೆ ತಾಗಿದರೆ ಫ್ಯೂಸು, ಕೆಲವೊಮ್ಮೆ ಇಸಿಯು ಕೂಡ ಹೋಗುತ್ತದೆ. ಅರ್ಧ ಗಂಟೆಯ ಪಾಠ ಉಳಿಸಲು ಅಷ್ಟು ರಿಸ್ಕ್ ನನಗೆ ಒಪ್ಪಿಗೆಯಿಲ್ಲ. ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಮೊದಲು ಪ್ಲಸ್. 10ರ ಸ್ಪ್ಯಾನರ್‌ನಲ್ಲಿ ಮಣಿಕಟ್ಟಿನ ಬಲ ಸಾಕು, ಜಾಸ್ತಿ ಬಿಗಿದರೆ ಸೀಸದ ಕಂಬ ನಜ್ಜಾಗುತ್ತದೆ. ಸಿಗ್ನಲ್‌ನಲ್ಲಿ ತಾನೇ ಎಂಜಿನ್ ನಿಲ್ಲಿಸುವ ಸ್ಟಾರ್ಟ್–ಸ್ಟಾಪ್ ಗಾಡಿಯಾದರೆ ಅದಕ್ಕೆಂದೇ ಬರುವ ಇಎಫ್‌ಬಿ ಅಥವಾ ಎಜಿಎಂ ಬ್ಯಾಟರಿಯ ಬದಲು ಸಾಮಾನ್ಯ ಬ್ಯಾಟರಿ ಹಾಕಿಸಬೇಡಿ. ಅಂಥ ಗಾಡಿಯ ಮೈನಸ್ ಕ್ಲಾಂಪಿನ ಮೇಲೆ ಕರಿ ಪೆಟ್ಟಿಗೆಯಂಥ ಸೆನ್ಸರ್ ಇರುತ್ತದೆ, ಅದನ್ನು ಸುತ್ತಿಗೆಯಿಂದ ಬಡಿದು ಕೂರಿಸಲು ಯಾರಿಗೂ ಬಿಡಬೇಡಿ.